ಬೇಲಿಯೇ ಹೊಲ ಮೇಯ್ದಾಗ: ಸಾಕುನಾಯಿಯ ರಕ್ತದ ರೋಗ

ನಾಯಿಯ ಕಾಯಿಲೆಯ ವಿಷಯಕ್ಕೆ ದಿನಪತ್ರಿಕೆಯಲ್ಲಿ ಇಷ್ಟು ಜಾಗವನ್ನು ಕೊಡಬೇಕೇ ಎಂದು ಕೇಳುವ ಓದುಗರು ನಮ್ಮಲ್ಲಿ ಇದ್ದಾರೆಂಬುದನ್ನು ನಾವು ಬಲ್ಲೆವು. ಅದು ಕೇಳತಕ್ಕ ಪ್ರಶ್ನೆಯೇ ಸರಿ. ಅದಕ್ಕೆ ನಮ್ಮ ಉತ್ತರವನ್ನು ಮುಂದೆ ಅದರ ಸ್ಥಾನದಲ್ಲಿ ಹೇಳುವೆವು. ಊರು ಬಿಟ್ಟು ಈ ಪಟ್ಟಣಕ್ಕೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ, ಮಕ್ಕಳು ಓದಿಗೋ ಉದ್ಯೋಗಕ್ಕೋ ದೂರ ಹೋದ ಮೇಲೆ, ಬಾಗಿಲಿನ ಸಪ್ಪಳಕ್ಕೆ ಎದ್ದು ಬರುವ ಜೀವವೆಂದರೆ ಎಷ್ಟೋ ಕಡೆ ಒಂದು ನಾಯಿ ಮಾತ್ರ. ನಿನ್ನೆ ಸಂಜೆಯವರೆಗೂ ಓಡಾಡಿಕೊಂಡಿದ್ದ ಅಂಥ ನಾಯಿಯು ಇಂದು ಬೆಳಿಗ್ಗೆ ಏಳಲಾರದೆ ಮಲಗಿ, ಅದರ ಒಸಡು ಸುಣ್ಣ ಬಳಿದಂತೆ ಬಿಳಿಚಿ, ಮೂತ್ರವು ಕಾಫಿಯ ಡಿಕಾಕ್ಷನಿನ ಬಣ್ಣಕ್ಕೆ ತಿರುಗಿದಾಗ ಮನೆಯವರಿಗಾಗುವ ಗಾಬರಿಯನ್ನು ಕಂಡವರೇ ಬಲ್ಲರು. ಆ ಗಾಬರಿಯಲ್ಲಿ ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳಿದವರು ಕಡಿಮೆ. ಆದುದರಿಂದ ಈ ಲೇಖನ.

ರೋಗದ ಹೆಸರು ಉದ್ದವಾದುದು: ಇಮ್ಯೂನ್ ಮೀಡಿಯೇಟೆಡ್ ಹೀಮೊಲಿಟಿಕ್ ಅನೀಮಿಯಾ. ಸ್ವರೂಪವನ್ನು ತಿಳಿಯಬೇಕಾದರೆ ನಮ್ಮ ಹಿರಿಯರ ಗಾದೆಯೇ ಸಾಕು: ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ. ದೇಹದೊಳಕ್ಕೆ ರೋಗಾಣುಗಳು ಹೊಕ್ಕಾಗ ಅವನ್ನು ಗುರುತಿಸಿ ಕೊಲ್ಲುವುದಕ್ಕೆಂದು ಪ್ರಕೃತಿಯು ಒಂದು ಕಾವಲು ಪಡೆಯನ್ನು ಇರಿಸಿದೆ. ಈ ರೋಗದಲ್ಲಿ ಆ ಪಡೆಗೆ ಬುದ್ಧಿ ಕೆಟ್ಟು, ಅದು ತನ್ನದೇ ದೇಹದ ಕೆಂಪು ರಕ್ತಕಣಗಳ ಮೇಲೆ ಶತ್ರುವಿನ ಗುರುತನ್ನು ಹಚ್ಚುತ್ತದೆ. ಗುರುತು ಬಿದ್ದ ಕಣಗಳನ್ನು ಗುಲ್ಮವೂ ಯಕೃತ್ತೂ ಹಿಡಿದು ನುಂಗಿಹಾಕುತ್ತವೆ. ಕೆಲವು ರಕ್ತನಾಳದಲ್ಲಿಯೇ ಒಡೆದುಹೋಗುತ್ತವೆ. ಆರೋಗ್ಯವಂತ ನಾಯಿಯಲ್ಲಿ ಒಂದು ಕೆಂಪು ಕಣವು ಮೂರು ಮೂರೂವರೆ ತಿಂಗಳು ಬಾಳತಕ್ಕದ್ದು. ಈ ರೋಗದಲ್ಲಿ ಅದರ ಆಯುಸ್ಸು ಕೆಲವೇ ದಿನಗಳಿಗೆ ಇಳಿಯುತ್ತದೆ. ಮೂಳೆಯ ಮಜ್ಜೆಯು ಹೊಸ ಕಣಗಳನ್ನು ತಯಾರಿಸಲು ಹೊರಡುತ್ತದೆಂಬುದು ನಿಜ. ಆದರೆ ಅದು ವೇಗವನ್ನು ಹಿಡಿಯುವುದಕ್ಕೆ ಮೂರರಿಂದ ಐದು ದಿನಗಳಾದರೂ ಬೇಕು. ಹೋಟೆಲು ನಡೆಸಿದವರಿಗೆ ಇದು ಥಟ್ಟನೆ ಅರ್ಥವಾಗುವುದು. ಒಳಗೆ ಇಡ್ಲಿ ಬೇಯುವ ವೇಗಕ್ಕಿಂತ ಹೊರಗೆ ಎಲೆಯ ಮೇಲೆ ಖರ್ಚಾಗುವ ವೇಗ ಹೆಚ್ಚಾದರೆ ಒಲೆಯ ಮುಂದಿರುವವನು ಎಷ್ಟು ಸಮರ್ಥನಾದರೇನು? ಪಾತ್ರೆ ಬರಿದಾಗಲೇಬೇಕು.

ಇದೇ ಕಾವಲು ಪಡೆಯು ಕೆಂಪು ಕಣವನ್ನು ಬಿಟ್ಟು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಮೇಲೆ ತಿರುಗಿಬೀಳುವುದೂ ಉಂಟು. ಆಗ ಹೊಟ್ಟೆಯ ತೆಳುವಾದ ಚರ್ಮದ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಕಾಣಿಸುತ್ತವೆ. ಮೂಗಿನಿಂದಲೋ ಒಸಡಿನಿಂದಲೋ ರಕ್ತ ಸೋರುತ್ತದೆ. ಎರಡೂ ಒಟ್ಟಿಗೆ ಬಂದರೆ ವೈದ್ಯರ ಮುಖವೂ ಸಣ್ಣದಾಗುತ್ತದೆ.

ದೇಹವು ತನ್ನ ಮೇಲೆ ತಾನೇ ಆಯುಧವೆತ್ತಲಾರದೆಂದು ಒಂದು ಕಾಲದಲ್ಲಿ ಮಹಾವಿಜ್ಞಾನಿಗಳೇ ನಂಬಿದ್ದರು. ಜರ್ಮನಿಯ ಪೌಲ್ ಎರ್ಲಿಖ್ 1901ರ ಸುಮಾರಿಗೆ ಆಡುಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಜೀವಿಗೆ ಸ್ವವಿಷದ ವಿಷಯದಲ್ಲಿ ಒಂದು ಸಹಜ ಭೀತಿಯಿದೆ ಎಂಬ ತೀರ್ಮಾನಕ್ಕೆ ಬಂದರು. 1904ರಲ್ಲಿಯೇ ದೋನಾತ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬಿಬ್ಬರು ಮನುಷ್ಯನ ರಕ್ತದಲ್ಲಿ ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ತೋರಿಸಿದರು. ಎರ್ಲಿಖ್ ಅವರ ಹೆಸರನ್ನೇ ಹೊತ್ತ ಎರ್ಲಿಖಿಯಾ ಎಂಬ ರೋಗಾಣುವು ನಾಯಿಯ ರಕ್ತವನ್ನು ಹೊಕ್ಕು, ಅವರು ಆಗದೆಂದ ಸ್ವವಿರೋಧವನ್ನೇ ಕೆರಳಿಸುತ್ತದೆಂಬುದು ವಿಧಿಯ ವಿನೋದವೆನ್ನಬೇಕು.

ಈ ರೋಗಕ್ಕೆ ಕಾರಣವೇನು? ಪಾಶ್ಚಾತ್ಯ ದೇಶಗಳ ಪುಸ್ತಕಗಳನ್ನು ತೆರೆದು ನೋಡಿದರೆ, ಬಹುಪಾಲು ನಾಯಿಗಳಲ್ಲಿ ಕಾರಣ ತಿಳಿಯುವುದಿಲ್ಲವೆಂದೂ, ಕಾಕರ್ ಸ್ಪೇನಿಯಲ್ ಮೊದಲಾದ ಕೆಲವು ತಳಿಗಳಲ್ಲಿ, ಅದರಲ್ಲಿಯೂ ನಡುವಯಸ್ಸಿನ ಹೆಣ್ಣುನಾಯಿಗಳಲ್ಲಿ ಇದು ಹೆಚ್ಚೆಂದೂ ಬರೆದಿರುತ್ತದೆ. ಅದು ಆ ಚಳಿದೇಶಗಳ ಮಾತು. ಚೆನ್ನೈಯಲ್ಲಿ ಕುಳಿತು ಆ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದು ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಈ ಲೇಖನದಲ್ಲಿ ನಾವು ಒತ್ತಿ ಹೇಳಬೇಕೆಂದಿರುವ ಮೊದಲ ಅಂಶವೂ ಅದೇ. ಇಲ್ಲಿ ವರ್ಷದ ಹನ್ನೆರಡು ತಿಂಗಳೂ ಸೆಕೆ. ಗೋಡೆಯ ಬಿರುಕು, ಮಂಚದ ಸಂದು, ಬಾಗಿಲ ಚೌಕಟ್ಟುಗಳಲ್ಲಿ ಮನೆಮಾಡಿಕೊಂಡು ಬಾಳುವ ಕಂದು ಉಣ್ಣಿಗೆ ಇದಕ್ಕಿಂತ ಸುಖದ ಊರಿಲ್ಲ. ಉಣ್ಣಿ ಒಂದು ಅಲ್ಪ ಜಂತುವೆಂದು ಉದಾಸೀನ ಮಾಡುವವರಿಗೆ ಮಲೆನಾಡಿನವರು ಬುದ್ಧಿ ಹೇಳಿಯಾರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯು ಎಷ್ಟು ಮನೆಗಳನ್ನು ಅಳಿಸಿತೆಂಬುದನ್ನು ಅವರು ಮರೆತಿಲ್ಲ. ಆ ಉಣುಗಿನ ಜಾತಿ ಬೇರೆ, ಈ ಉಣ್ಣಿಯ ಜಾತಿ ಬೇರೆ. ರಕ್ತವನ್ನು ಹೀರುವಾಗ ರೋಗವನ್ನು ಬಿಟ್ಟುಹೋಗುವ ಕಸುಬು ಮಾತ್ರ ಒಂದೇ.

ನಾಯಿಯ ಕೆಂಪು ಕಣದೊಳಗೆ ಹೊಕ್ಕು ಬೆಳೆಯುವ ಒಂದು ಸೂಕ್ಷ್ಮ ಜೀವಿಗೆ ಬಬೇಸಿಯಾ ಗಿಬ್ಸೋನಿ ಎಂದು ಹೆಸರು. ಇದನ್ನು ಜಗತ್ತಿಗೆ ಮೊದಲು ತಿಳಿಸಿದ್ದು ಎಲ್ಲಿಂದ ಎಂದುಕೊಂಡಿರಿ? ಇದೇ ಊರಿನಿಂದ. ಬ್ರಿಟಿಷರ ಕಾಲದಲ್ಲಿ ಮದರಾಸಿನ ದೊರೆಗಳು ಬೇಟೆಯ ವಿನೋದಕ್ಕಾಗಿ ‘ಮದ್ರಾಸ್ ಹಂಟ್’ ಎಂಬ ಹೆಸರಿನಲ್ಲಿ ಬೇಟೆನಾಯಿಗಳ ಹಿಂಡನ್ನು ಸಾಕಿದ್ದರು. ಆ ನಾಯಿಗಳ ರಕ್ತದಲ್ಲಿ, ಅನಂತರ ಇಲ್ಲಿನ ಗುಳ್ಳೆನರಿಯ ರಕ್ತದಲ್ಲಿ ಹೊಸದೊಂದು ಜೀವಿಯಿರುವುದನ್ನು ಪ್ಯಾಟನ್ ಎಂಬ ವೈದ್ಯ ವಿಜ್ಞಾನಿ 1910ರಲ್ಲಿ ಪ್ರಕಟಿಸಿದರು. ನೂರಕ್ಕೂ ಹೆಚ್ಚು ವರ್ಷಗಳ ತರುವಾಯ, 2019ರಲ್ಲಿ, ಅಮೇರಿಕದ ಪಶುವೈದ್ಯಕೀಯ ತಜ್ಞರ ಕಾಲೇಜಿನವರು ನಾವು ಹೇಳುತ್ತಿರುವ ಈ ರಕ್ತನಾಶದ ರೋಗಕ್ಕೆ ಕಾರಣಗಳೆಂದು ಹೇಳಲಾಗುವ ಎಲ್ಲವನ್ನೂ ಒಂದೊಂದಾಗಿ ತೂಗಿ ನೋಡಿ ಒಂದು ಹೇಳಿಕೆಯನ್ನು ಹೊರಡಿಸಿದರು. ನಾಯಿಗಳಲ್ಲಿ ಬಲವಾದ ಸಾಕ್ಷ್ಯವಿರುವುದೆಂದು ಅವರು ಕಂಡುಕೊಂಡ ಕೆಲವೇ ಕಾರಣಗಳಲ್ಲಿ ಮದರಾಸಿನ ಈ ಬಬೇಸಿಯಾ ಒಂದು.

ಆದುದರಿಂದ ಈ ಪಟ್ಟಣದಲ್ಲಿ ಒಸಡು ಬಿಳಿಚಿದ ನಾಯಿಯನ್ನು ವೈದ್ಯರಲ್ಲಿಗೆ ಒಯ್ದವರು ವಿನಯದಿಂದ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: “ಡಾಕ್ಟರೇ, ಉಣ್ಣಿಯ ರೋಗಗಳ ಪರೀಕ್ಷೆ ಆಯಿತೇ?” ಸೂಕ್ಷ್ಮದರ್ಶಕದಡಿಯಲ್ಲಿ ಒಂದು ಹನಿ ರಕ್ತವನ್ನು ನೋಡಿದಾಗ ಜೀವಿ ಕಣ್ಣಿಗೆ ಬೀಳದಿದ್ದರೆ ಅದು ಇಲ್ಲವೆಂದೇ ಅರ್ಥವಲ್ಲ, ಪಿ.ಸಿ.ಆರ್. ಎಂಬ ಹೆಚ್ಚು ಸೂಕ್ಷ್ಮವಾದ ಪರೀಕ್ಷೆಯುಂಟು. ಎರ್ಲಿಖಿಯಾ ಇದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಬಬೇಸಿಯಾಕ್ಕೆ ಬೇರೆಯೇ ಔಷಧಗಳು. ಬೇಲಿ ತಪ್ಪು ಮಾಡಿತೆಂದು ಬೇಲಿಯನ್ನು ಕೀಳುವುದಕ್ಕೆ ಮೊದಲು, ಅದನ್ನು ಕೆರಳಿಸಿದ ಕಳ್ಳನು ಹೊಲದೊಳಗೇ ಅಡಗಿದ್ದಾನೆಯೇ ಎಂದು ನೋಡಬೇಡವೆ?

ಇನ್ನೊಂದು ಕಾರಣವನ್ನು ಹೋಟೆಲಿನವರ ದೃಷ್ಟಿಯಿಂದ ಹೇಳುವುದು ನಮ್ಮ ಕರ್ತವ್ಯ. ಇದು ಕಾವಲು ಪಡೆಯ ದೋಷದಿಂದ ಆಗುವುದಲ್ಲ. ಆದರೆ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ನೀರುಳ್ಳಿಯೂ ಬೆಳ್ಳುಳ್ಳಿಯೂ ನಾಯಿಯ ಕೆಂಪು ಕಣಗಳನ್ನು ಸುಟ್ಟು ಒಡೆಯುತ್ತವೆ. ದೇಹದ ತೂಕದ ಕಿಲೋ ಒಂದಕ್ಕೆ 15ರಿಂದ 30 ಗ್ರಾಂ ನೀರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಕೆಡುಕು ಕಾಣಿಸುತ್ತದೆಂದು ಹೇಳುತ್ತಾರೆ. ಹತ್ತು ಕಿಲೋ ತೂಕದ ನಾಯಿಗೆ ಎರಡು ಮೂರು ಗಡ್ಡೆ ಸಾಕು. ಬೇಯಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಮಠದ ಅಡುಗೆಯ ಸಾರಿನಲ್ಲಿ ನೀರುಳ್ಳಿಯಿಲ್ಲ, ಆ ಮಾತು ಬೇರೆ; ನಮ್ಮ ಹೋಟೆಲುಗಳ ಸಾಂಬಾರು, ಸಾಗು, ಮಸಾಲೆ ದೋಸೆಯ ಪಲ್ಯ ಎಲ್ಲದರಲ್ಲಿಯೂ ಅದು ಧಾರಾಳವಾಗಿದೆ. ರಾತ್ರಿ ಉಳಿದುದನ್ನು ಬಾಗಿಲ ನಾಯಿಗೆ ಹಾಕುವ ಸತ್ಕಾರ್ಯವನ್ನು ಯಾರೂ ಬಿಡಬೇಕಾಗಿಲ್ಲ. ಅನ್ನ, ಇಡ್ಲಿ, ಮೊಸರುಗಳನ್ನು ಹಾಕಲಿ. ಸಾಂಬಾರಿನ ಬಕೆಟ್ಟನ್ನು ಮಾತ್ರ ಅದರ ಮುಂದೆ ಬಗ್ಗಿಸುವುದು ಬೇಡ.

ರೋಗವನ್ನು ಗುರುತಿಸುವ ಕ್ರಮವು ಅಷ್ಟೇನೂ ಗಹನವಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತಕ್ಕೆ ಉಪ್ಪುನೀರನ್ನು ಸೇರಿಸಿ ಆಡಿಸಿದಾಗ, ಕಣಗಳು ಬಿಡಿಬಿಡಿಯಾಗದೆ ರವೆಯಂತೆ ಗಂಟುಗಂಟಾಗಿ ನಿಂತರೆ ಅದೊಂದು ಬಲವಾದ ಸೂಚನೆ. ನಡು ಬಿಳುಪಾಗಿರಬೇಕಾದ ಕಣಗಳು ಗುಂಡಾಗಿ ಕುಗ್ಗಿದ್ದರೆ ಅದೊಂದು. 1945ರಲ್ಲಿ ಇಂಗ್ಲೆಂಡಿನ ಕೂಂಬ್ಸ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಪರೀಕ್ಷೆಯೂ ಇದೆ. ಮನುಷ್ಯರಿಗಾಗಿ ಹುಟ್ಟಿದ ಅದು ಈಗ ನಾಯಿಗೂ ಒದಗುತ್ತದೆ. ಮನೆಯವರು ತಿಳಿದಿರಬೇಕಾದ ಅಂಕೆ ಒಂದೇ: ಪಿ.ಸಿ.ವಿ. ಅಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳದು ಎಷ್ಟು ಪಾಲು ಎಂಬ ಲೆಕ್ಕ. ಗಟ್ಟಿಮುಟ್ಟಾದ ನಾಯಿಯಲ್ಲಿ ಅದು 37ರಿಂದ 55ರವರೆಗೆ ಇರುವುದು ವಾಡಿಕೆ.

ನಮ್ಮ ಮನೆಯ ಸ್ಪೇನಿಯಲ್ ಹೊನ್ನಿಗೆ ಆರನೆಯ ವರ್ಷದಲ್ಲಿ ಈ ಅಂಕೆ 13ಕ್ಕೆ ಇಳಿದಿತ್ತು. ಉಣ್ಣಿಯ ರೋಗಗಳ ಪರೀಕ್ಷೆಗಳು ಎಲ್ಲವೂ ಇಲ್ಲವೆಂದೇ ಬಂದವು. ಉಸಿರಾಟ ಮೇಲುಮೇಲಕ್ಕೆ ಬರುತ್ತಿತ್ತು. ಹೆಸರು ಹಿಡಿದು ಕರೆದರೆ ಬಾಲದ ತುದಿ ಮಾತ್ರ ಒಮ್ಮೆ ಅಲುಗುತ್ತಿತ್ತು. ರಕ್ತ ಕೊಡದೆ ಈ ರಾತ್ರಿ ಕಳೆಯುವುದು ಕಷ್ಟವೆಂದು ವೈದ್ಯರು ಹೇಳಿದರು. “ನನ್ನ ರಕ್ತ ಆಗಲಿಕ್ಕಿಲ್ಲವೆ?” ಎಂದು ನಮ್ಮ ಮನೆಯಾಕೆ ಕೇಳಿದಾಗ ಆ ವೈದ್ಯರು ನಗಲಿಲ್ಲವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆಗುವುದಿಲ್ಲ, ನಾಯಿಗೆ ನಾಯಿಯ ರಕ್ತವೇ ಬೇಕು. ಆ ಹೊತ್ತಿಗೆ ಎಲ್ಲಿಂದ ತರೋಣ? ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಒಬ್ಬ ತಮಿಳು ಗೃಹಸ್ಥರಿದ್ದರು. ಎದುರಾದಾಗ ನಮಸ್ಕಾರ ಹೇಳುವಷ್ಟೇ ಪರಿಚಯ. ಅವರಲ್ಲಿ ಮೂವತ್ತು ಕಿಲೋಗೂ ಮೀರಿದ ಒಂದು ಅಲ್ಸೇಶಿಯನ್ ಇತ್ತು. ರಾತ್ರಿ ಒಂಬತ್ತು ಗಂಟೆಗೆ ಹೋಗಿ ಬಾಗಿಲು ತಟ್ಟಿ ವಿಷಯವನ್ನು ಹೇಳಿದಾಗ, ಅವರು ಊಟಕ್ಕೆ ಕುಳಿತಿದ್ದವರು ಕೈ ತೊಳೆದು ಎದ್ದು ನಾಯಿಯ ಹಗ್ಗವನ್ನು ಹಿಡಿದೇ ಹೊರಟುಬಂದರು. ಹದಿನೈದು ನಿಮಿಷದ ಕೆಲಸ. ಕತ್ತಿನ ಬಳಿ ಸ್ವಲ್ಪ ರೋಮವನ್ನು ತೆಗೆದು, ಸೂಜಿ ಚುಚ್ಚಿ, ಒಂದು ಚೀಲ ರಕ್ತವನ್ನು ಇಳಿಸಿಕೊಂಡರು. ಆ ದೊಡ್ಡ ನಾಯಿಯು ಯಜಮಾನರ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದು, ಅನಂತರ ಎದ್ದು ಮೈ ಕೊಡವಿ, ಕೊಟ್ಟ ಬಿಸ್ಕತ್ತುಗಳನ್ನು ತಿಂದು ಮನೆಗೆ ನಡೆಯಿತು. ಭಾಷಾವಾರು ಪ್ರಾಂತಗಳ ಗಲಾಟೆ ನಾಯಿಗಳಲ್ಲಿ ಇನ್ನೂ ಹುಟ್ಟಿಲ್ಲವೆಂಬುದು ಸಂತೋಷದ ಸಂಗತಿ.

ನಾಯಿಗಳಲ್ಲಿಯೂ ರಕ್ತದ ಗುಂಪುಗಳುಂಟು, ಅವುಗಳಲ್ಲಿ ಡಿ.ಇ.ಎ. 1 ಎಂಬುದು ಮುಖ್ಯವಾದುದು. ಆದರೆ ಮನುಷ್ಯರಲ್ಲಿರುವಂತೆ ಬೇರೆ ಗುಂಪಿನ ರಕ್ತಕ್ಕೆ ವಿರೋಧವು ಹುಟ್ಟಿನಿಂದಲೇ ನಾಯಿಯಲ್ಲಿ ಇರುವುದಿಲ್ಲ. ಆದುದರಿಂದ ಹಿಂದೆಂದೂ ರಕ್ತ ಪಡೆಯದ ನಾಯಿಗೆ ಮೊದಲ ಸಲ ಕೊಡುವ ರಕ್ತವು ಸಾಮಾನ್ಯವಾಗಿ ಒಗ್ಗುತ್ತದೆ; ಎರಡನೆಯ ಸಲಕ್ಕೆ ಮಾತ್ರ ಹೊಂದಾಣಿಕೆಯನ್ನು ನೋಡಲೇಬೇಕು. ಒಳಗೆ ಹೋದ ಈ ರಕ್ತವೂ ಸ್ವಂತ ರಕ್ತದ ಹಾದಿಯನ್ನೇ ಹಿಡಿದು ನಾಶವಾಗಬಹುದು. ಅದು ರೋಗಕ್ಕೆ ಔಷಧವಲ್ಲ. ಔಷಧವು ಕೆಲಸಕ್ಕೆ ಹತ್ತುವವರೆಗೆ ಸಿಕ್ಕುವ ಕೈಸಾಲವೆಂದು ತಿಳಿಯಬೇಕು.

ಔಷಧವೆಂದರೆ ಪ್ರೆಡ್ನಿಸೊಲೋನ್, ಸ್ಟಿರಾಯ್ಡ್ ಜಾತಿಯದು. ಇದೇ ಜಾತಿಯ ಕಾರ್ಟಿಸೋನಿನ ಸಂಶೋಧನೆಗಾಗಿ 1950ರಲ್ಲಿ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕಾವಲು ಪಡೆಯ ಕೈಯಿಂದ ಕತ್ತಿಯನ್ನು ಕೆಳಗಿಡಿಸುವುದೇ ಅದರ ಕೆಲಸ. ಅದೊಂದರಿಂದ ಸಾಲದಿದ್ದರೆ ಅಜಥಯೊಪ್ರಿನ್, ಮೈಕೋಫಿನೋಲೇಟ್, ಸೈಕ್ಲೋಸ್ಪೊರಿನ್ ಎಂಬವುಗಳಲ್ಲಿ ಒಂದನ್ನು ಜೊತೆಗೆ ಕೊಡುವುದುಂಟು. ಈ ರೋಗದಲ್ಲಿ ನಾಯಿಗಳನ್ನು ಕೊಲ್ಲುವುದು ರಕ್ತದ ಕೊರತೆಗಿಂತಲೂ ಹೆಚ್ಚಾಗಿ ಶ್ವಾಸಕೋಶ ಮೊದಲಾದ ಕಡೆಗಳಲ್ಲಿ ನಿಲ್ಲುವ ರಕ್ತದ ಗರಣೆ. ಅದಕ್ಕಾಗಿ ಕ್ಲೋಪಿಡೋಗ್ರೆಲಿನಂಥ ಮಾತ್ರೆಯನ್ನೂ ಸೇರಿಸುತ್ತಾರೆ. ಸಾಯುವ ನಾಯಿಗಳಲ್ಲಿ ಹೆಚ್ಚಿನವು ಮೊದಲಿನ ಎರಡು ವಾರಗಳಲ್ಲಿಯೇ ಸಾಯುತ್ತವೆ. ಆ ಗಂಡವನ್ನು ದಾಟಿದ ನಾಯಿಗೆ ಒಳ್ಳೆಯ ಬಾಳು ಸಾಧ್ಯ.

ಮನೆಯವರ ನಿಜವಾದ ಪರೀಕ್ಷೆ ಆಗುವುದು ಆಮೇಲೆಯೇ. ನಾಯಿ ಏಳುತ್ತದೆ, ಓಡುತ್ತದೆ, ಒಸಡಿನಲ್ಲಿ ಕೆಂಪು ಮೂಡುತ್ತದೆ. ಜೊತೆಗೆ ಮಾತ್ರೆಯ ಉಪದ್ರವಗಳು ಆರಂಭವಾಗುತ್ತವೆ. ಎಷ್ಟು ನೀರು ಕುಡಿದರೂ ಸಾಲದು. ರಾತ್ರಿ ಮೂರು ಸಲ ಹೊರಗೆ ಬಿಡಬೇಕು. ಬಿಡಲು ತಡವಾದರೆ ನಡುಮನೆಯೇ ಗತಿ. ಹಸಿವೆಂದರೆ ಬಕಾಸುರನ ಹಸಿವು. ಹೊನ್ನಿಯು ಅಡಿಗೆಮನೆಯ ಕಟ್ಟೆಯ ಮೇಲಿದ್ದ ಹಿಟ್ಟಿನ ಪಾತ್ರೆಯನ್ನು ಉರುಳಿಸಿದ್ದು ಆ ಕಾಲದಲ್ಲಿಯೇ. ಹೊಟ್ಟೆ ಜೋಲುಬಿದ್ದು, ಬೆನ್ನು ಬಡಕಲಾಗಿ, ಕುಳಿತಲ್ಲಿಯೇ ಏದುಸಿರು ಬಿಡುತ್ತದೆ. ಇದನ್ನು ನೋಡಿದ ನೆಂಟರೊಬ್ಬರು, ಔಷಧದ ಅಂಗಡಿಯ ಹುಡುಗನೊಬ್ಬ, ಬೆಳಗಿನ ವಾಯುಸೇವನೆಯ ಮಿತ್ರರೊಬ್ಬರು ಎಲ್ಲರೂ ಒಂದೇ ಮಾತನ್ನು ಹೇಳುತ್ತಾರೆ: “ಸ್ಟಿರಾಯ್ಡ್ ಅಲ್ಲವೆ? ವಿಷ. ನಾಯಿ ಗುಣವಾಯಿತಲ್ಲ, ಇನ್ನೇಕೆ? ನಿಲ್ಲಿಸಿಬಿಡಿ.”

ನಿಲ್ಲಿಸಬಾರದು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟರೆ ಉಳಿದುದನ್ನು ಮರೆತರೂ ಚಿಂತೆಯಿಲ್ಲ. ಹೊರಗಿನಿಂದ ಮಾತ್ರೆ ದಿನವೂ ಬರುತ್ತಿರುವಾಗ ದೇಹದ ಸ್ವಂತ ಗ್ರಂಥಿಯು ಅದೇ ಬಗೆಯ ರಸವನ್ನು ತಯಾರಿಸುವುದನ್ನು ಬಿಟ್ಟು ನಿದ್ರೆಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಅದು ಏಳುವುದಕ್ಕೆ ಮೊದಲೇ ನಾಯಿ ಕುಸಿಯಬಹುದು. ಮಲಗಿದ್ದ ರೋಗವೂ ಮತ್ತೆ ಹೆಡೆಯೆತ್ತುತ್ತದೆ. ಎರಡನೆಯ ಸಲ ಅದನ್ನು ಇಳಿಸುವುದು ಮೊದಲಿನಷ್ಟು ಸುಲಭವಲ್ಲ. ಕ್ರಮವೆಂದರೆ, ರಕ್ತದ ಅಂಕೆ ಸ್ಥಿರವಾಗಿದೆಯೆಂದು ಪರೀಕ್ಷೆಯಿಂದ ತಿಳಿದ ಮೇಲೆ ಮೂರು ವಾರಗಳಿಗೊಮ್ಮೆ ಸುಮಾರು ಕಾಲುಭಾಗದಷ್ಟು ಇಳಿಸುತ್ತ ಹೋಗುವುದು. ಪೂರ್ತಿ ಮುಗಿಯಬೇಕಾದರೆ ನಾಲ್ಕು ತಿಂಗಳು, ಆರು ತಿಂಗಳು, ಕೆಲವಕ್ಕೆ ಅದಕ್ಕೂ ಹೆಚ್ಚು. ನಮ್ಮ ಪರಿಚಿತರೊಬ್ಬರ ಮನೆಯ ನಾಯಿಯು ಎರಡನೆಯ ತಿಂಗಳಿನಲ್ಲಿ ನಾಗರಪಂಚಮಿಗೆಂದು ಅವರೆಲ್ಲ ಊರಿಗೆ ಹೋದಾಗ ಮಾತ್ರೆ ತಪ್ಪಿ, ಅವರು ಹಿಂದಿರುಗುವುದರೊಳಗೆ ಹೋಗಿಬಿಟ್ಟಿತ್ತು. ನಮ್ಮಂಥ ವಲಸಿಗರಿಗೆ ಹಬ್ಬಕ್ಕೂ ಕೋಲಕ್ಕೂ ಮದುವೆಗೂ ಊರಿನ ಕರೆ ಬರುತ್ತಲೇ ಇರುತ್ತದೆ. ಮಾತ್ರೆಯನ್ನು ಗಂಟೆಗೆ ಸರಿಯಾಗಿ ನುಂಗಿಸಬಲ್ಲ ಒಬ್ಬರು ಮನೆಯಲ್ಲಿ ಉಳಿಯದ ಹೊರತು, ಆ ಆರು ತಿಂಗಳು ಎಲ್ಲರೂ ಒಟ್ಟಿಗೆ ಊರಿಗೆ ಹೊರಡುವುದನ್ನು ಬಿಡಬೇಕು.

ಹೋಟೆಲಿನ ದಿನವಹಿ ಬರೆದು ರೂಢಿಯಿದ್ದ ಕೈಗೆ ಇಲ್ಲಿ ಒಂದು ಉಪಯೋಗ ದೊರೆಯಿತು. ಒಂದು ಪುಸ್ತಕದಲ್ಲಿ ಪ್ರತಿದಿನವೂ ಕೊಟ್ಟ ಮಾತ್ರೆ, ಒಸಡಿನ ಬಣ್ಣ, ಮೂತ್ರದ ಬಣ್ಣ, ತಿಂದ ಪ್ರಮಾಣ, ಪರೀಕ್ಷೆಯಾದ ದಿನ ಬಂದ ಅಂಕೆ ಇಷ್ಟನ್ನು ಬರೆದಿಡುತ್ತಿದ್ದೆವು. ವೈದ್ಯರಿಗೆ ನಮ್ಮ ಉದ್ದದ ವಿವರಣೆಗಳಿಗಿಂತ ಆ ಪುಟಗಳೇ ಪ್ರಿಯವಾದವು. ಆ ವರ್ಷ ಒಸಡನ್ನು ನೋಡುವುದು ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದಷ್ಟೇ ನಿತ್ಯದ ಕೆಲಸವಾಗಿತ್ತು. ಮಾತ್ರೆಯನ್ನು ಅನ್ನದೊಡನೆಯೇ ಕೊಡಬೇಕು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಇದರೊಡನೆ ಬೆರೆಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ಇದ್ದ ರಕ್ತವೂ ಹೋಗುತ್ತದೆ. ರಕ್ತ ಕಡಿಮೆಯೆಂದೊಡನೆ ಕಬ್ಬಿಣದ ಟಾನಿಕ್ಕು, ಬೀಟ್‌ರೂಟಿನ ರಸಗಳನ್ನು ಹಿಡಿದು ಬರುವ ಹಿತೈಷಿಗಳಿಗೆ ನಮಸ್ಕಾರ ಹೇಳಿ ಕಳುಹಿಸುವುದೇ ಲೇಸು. ಒಡೆದ ಕಣಗಳ ಕಬ್ಬಿಣವು ಬಹುಮಟ್ಟಿಗೆ ದೇಹದಲ್ಲಿಯೇ ಉಳಿದಿರುತ್ತದೆ, ಕೊರತೆ ಅದರದಲ್ಲ. ಬೀಟ್‌ರೂಟ್ ತಿನ್ನಿಸಿ ಮೂತ್ರ ಕೆಂಪಾದರೆ ರೋಗ ಮರಳಿತೆಂದು ಮನೆಯವರು ಎದೆ ಒಡೆದುಕೊಳ್ಳುವುದೊಂದೇ ಫಲ.

ಈಗ ಆರಂಭದಲ್ಲಿ ಬಾಕಿಯಿಟ್ಟ ಪ್ರಶ್ನೆ. ಬಡವರ ಮಕ್ಕಳಿಗೆ ಔಷಧವಿಲ್ಲದ ದೇಶದಲ್ಲಿ ನಾಯಿಗೆ ಸಾವಿರಾರು ರೂಪಾಯಿ ಸುರಿಯುವುದು ನ್ಯಾಯವೇ ಎಂದು ಕೇಳುತ್ತಾರೆ. ಧರ್ಮರಾಯನೂ ಅವನ ನಾಯಿಯೂ ಸ್ವರ್ಗದ ಬಾಗಿಲಿಗೆ ಹೋದ ಕಥೆಯನ್ನು ಹೇಳಿ ಬಾಯಿ ಮುಚ್ಚಿಸುವ ಇಚ್ಛೆ ನಮಗಿಲ್ಲ; ಆ ನಾಯಿಗೆ ಔಷಧದ ಖರ್ಚು ಇರಲಿಲ್ಲ. ನಾವು ಹೇಳುವುದು ಲೆಕ್ಕದ ಮಾತು. ಒಂದು ದೇಹದಿಂದ ಇನ್ನೊಂದು ದೇಹಕ್ಕೆ ರಕ್ತವನ್ನು ಹರಿಸಿ ಜೀವ ಉಳಿಸಬಹುದೆಂಬುದನ್ನು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಲೋವರ್ ಮೊದಲು ತೋರಿಸಿದ್ದು 1665ರಲ್ಲಿ, ನಾಯಿಗಳ ಮೇಲೆ. ಸಕ್ಕರೆ ರೋಗದವರಿಗೆ ಪ್ರಾಣವಾಗಿರುವ ಇನ್‌ಸುಲಿನ್ನನ್ನು 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಂಡುಹಿಡಿದದ್ದು ನಾಯಿಗಳ ಮೇಲೆ. ಮೂತ್ರಪಿಂಡವನ್ನು ಬದಲಿಸಿಕೊಂಡವರು ನುಂಗಿದ ಅಜಥಯೊಪ್ರಿನ್ನನ್ನು 1960ರ ಆಚೀಚೆ ರಾಯ್ ಕಾನ್ ಎಂಬ ಶಸ್ತ್ರವೈದ್ಯರು ಪರೀಕ್ಷಿಸಿದ್ದೂ ನಾಯಿಗಳ ಮೇಲೆಯೇ. ಇಂದು ಹೊನ್ನಿಯಂಥ ನಾಯಿಗೆ ಕೊಡುವ ಚೀಲದ ರಕ್ತವೂ ಚಿಟಿಕೆಯಷ್ಟು ಮಾತ್ರೆಯೂ ಅದರ ಕುಲದವರೇ ಜೀವ ತೆತ್ತು ನಮಗೆ ಗಳಿಸಿಕೊಟ್ಟ ವಿದ್ಯೆ. ನಾವು ಮಾಡುವುದನ್ನು ದಾನವೆನ್ನುವಂತಿಲ್ಲ. ಬಡ್ಡಿಯ ಒಂದು ಕಂತನ್ನು ತೀರಿಸಿದೆವೆನ್ನಬಹುದು. ಇನ್ನು ಮನುಷ್ಯರ ಪಾಲನ್ನು ನಾಯಿಗೆ ಕೊಟ್ಟಂತಾಗುವುದೆಂಬ ಮಾತು ರಕ್ತದ ಮಟ್ಟಿಗಂತೂ ಸಲ್ಲದು. ನಾಯಿಯ ರಕ್ತ ಯಾವ ಮನುಷ್ಯನಿಗೂ ಉಪಯೋಗಕ್ಕೆ ಬಾರದು.

ಹಾಗೆಂದು ಸಾಲ ಮಾಡಿ, ಮಕ್ಕಳ ಶುಲ್ಕವನ್ನು ಮುರಿದು ಚಿಕಿತ್ಸೆ ಮಾಡಿಸಿ ಎಂದು ನಾವು ಯಾರಿಗೂ ಹೇಳೆವು. ಎಲ್ಲವನ್ನೂ ಮಾಡಿದ ಮೇಲೆಯೂ ನಾಯಿ ಉಳಿಯದೆ ಹೋಗುವುದು ಈ ರೋಗದಲ್ಲಿ ಅಪರೂಪವಲ್ಲ. ರಕ್ತ ಕೊಟ್ಟಷ್ಟೂ ಕರಗುತ್ತ, ಉಸಿರಿಗಾಗಿ ಕತ್ತನ್ನು ಚಾಚುತ್ತ, ಮನೆಯವರ ಗುರುತು ಹಿಡಿಯಲಾರದ ಸ್ಥಿತಿಗೆ ಬಂದ ನಾಯಿಯನ್ನು ವೈದ್ಯರು ಸೂಜಿಮದ್ದಿನಿಂದ ಮಲಗಿಸೋಣವೆಂದರೆ, ಅದು ಪಾಪವೆಂದು ನಮ್ಮ ಹಿರಿಯರಲ್ಲಿ ಕೆಲವರು ಹಿಂಜರಿಯುತ್ತಾರೆ. ಅವರ ಭಾವನೆಗೆ ಗೌರವವಿದೆ, ಒಪ್ಪಿಗೆಯಿಲ್ಲ. ಮಾತು ಬಾರದ ಜೀವಕ್ಕೆ ಸಾಕೆಂದು ಹೇಳುವ ಬಾಯಿಯಿಲ್ಲ. ಆ ಮಾತನ್ನು ಅದರ ಪರವಾಗಿ ಸಾಕಿದವರೇ ಹೇಳಬೇಕಾಗುತ್ತದೆ. ಆಗ ಎಲ್ಲಿಯೋ ಹೊರಗೆ ನಿಲ್ಲದೆ, ಅದರ ತಲೆಯ ಮೇಲೆ ಕೈಯಿಟ್ಟು ಹತ್ತಿರ ಕುಳಿತಿರುವುದು ಮೇಲು.

ನಮ್ಮ ಹೊನ್ನಿಯು ಏಳು ತಿಂಗಳು ಮಾತ್ರೆ ತಿಂದು, ಆಮೇಲೆ ಮೂರು ವರ್ಷ ಬಾಳಿತು. ಅದು ಅಂದಿನ ರಾತ್ರಿಯನ್ನು ಕಳೆದುದು ವಿಜ್ಞಾನದಿಂದ ಎಷ್ಟೋ ಅಷ್ಟೇ, ಬೀದಿಯ ಕೊನೆಯಲ್ಲಿ ಒಂದು ದೊಡ್ಡ ನಾಯಿಯಿದ್ದ ಯೋಗದಿಂದ. ಯೋಗವನ್ನು ನಂಬಿ ಕುಳಿತಿರಬೇಕಾದ ಅಗತ್ಯವಿಲ್ಲ. ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜು 1903ರಲ್ಲಿ ಆರಂಭವಾದ ಹಳೆಯ ಸಂಸ್ಥೆ; 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿದ್ದಾಗ ಅದು ನಮ್ಮ ಸರ್ಕಾರದ ಕಾಲೇಜೇ ಆಗಿತ್ತು. 1989ರಿಂದ ಅದು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಅಲ್ಲಿ ಪ್ರಾಣಿಗಳ ರಕ್ತನಿಧಿಯನ್ನು ಸ್ಥಾಪಿಸಿದ್ದಾರೆ. ನಿಧಿಯಿದ್ದರೆ ಸಾಲದು, ಜಮೆ ಮಾಡುವವರು ಬೇಕು. ಶೀತಲ ಪೆಟ್ಟಿಗೆಯಲ್ಲಿಟ್ಟ ರಕ್ತವು ಸುಮಾರು ಒಂದು ತಿಂಗಳು ಮಾತ್ರ ಬಾಳುತ್ತದೆ. ವರ್ಷಕ್ಕೊಮ್ಮೆ ಶಿಬಿರ ನಡೆಸಿ ಛಾಯಾಚಿತ್ರ ತೆಗೆಸಿಕೊಂಡರೆ ಆಗುವ ಕೆಲಸ ಇದಲ್ಲ.

ನಮ್ಮವರ ಮನೆಗಳಲ್ಲಿ ಲ್ಯಾಬ್ರಡಾರ್, ಅಲ್ಸೇಶಿಯನ್, ರಾಜಪಾಳೆಯಂ ಮೊದಲಾದ ದೊಡ್ಡ ನಾಯಿಗಳು ಕಡಿಮೆಯೇನಿಲ್ಲ. ಬೀದಿಯಿಂದ ತಂದು ಸಾಕಿದ ನಾಡನಾಯಿಯೂ ತೂಕವಿದ್ದರೆ ಆಗಬಹುದು. ಒಂದು ವರ್ಷ ತುಂಬಿ ಎಂಟು ವರ್ಷ ಮೀರದ, ಇಪ್ಪತ್ತೈದು ಕಿಲೋಗೆ ಕಡಿಮೆಯಿಲ್ಲದ, ಚುಚ್ಚುಮದ್ದುಗಳೆಲ್ಲ ಆಗಿರುವ, ಹಿಂದೆ ತಾನೇ ರಕ್ತ ಪಡೆಯದಿರುವ, ಸೌಮ್ಯ ಸ್ವಭಾವದ ನಾಯಿಯು ರಕ್ತ ಕೊಡಬಲ್ಲುದು. ಕೊಡುವ ಮೊದಲು ಅದರ ರಕ್ತದಲ್ಲಿ ಉಣ್ಣಿಯ ರೋಗಗಳಿವೆಯೇ ಎಂದ ಪರೀಕ್ಷೆ ನಡೆಯುವುದರಿಂದ ಯಜಮಾನರಿಗೂ ಒಂದು ಲಾಭ. ಒಮ್ಮೆ ಕೊಟ್ಟ ನಾಯಿಗೆ ಎರಡು ತಿಂಗಳಾದರೂ ವಿಶ್ರಾಂತಿ ಇರಲಿ. ಇಂಥ ನಾಯಿಯನ್ನು ಸಾಕಿರುವ ಓದುಗರು ಅದರ ವಯಸ್ಸು, ತೂಕ, ತಾವಿರುವ ಬಡಾವಣೆಗಳನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಾರ್ಯಾಲಯಕ್ಕೆ ಕಳುಹಿಸಿದರೆ ಬಡಾವಣೆವಾರು ಪಟ್ಟಿಯೊಂದನ್ನು ಮಾಡಿ ಇಟ್ಟುಕೊಳ್ಳುವೆವು. ರಾತ್ರಿ ಒಂಬತ್ತು ಗಂಟೆಗೆ ಬಾಗಿಲು ತಟ್ಟಬೇಕಾಗಿ ಬಂದವರಿಗೆ ಯಾವ ಬಾಗಿಲೆಂಬುದಾದರೂ ತಿಳಿದಿರುತ್ತದೆ.